ಜಲಸಿರಿಯ ಖಾಯಂ ಮುದ್ರಕ

"ಮುದ್ರಣ ಪೂರ್ಣಗೊಂಡಿದೆ," ಎಂದಿತು ಕೈಹಲಗೆಯ ಪರದೆಯ ಮೇಲೆ ಜಾಲದರ್ಶಕ.

ಪಡುಅಳಿವೆ ಬಂದರಿನ ನೋಂದಣಿ ಕಚೇರಿಯಲ್ಲಿ ಮೂರು ಮುದ್ರಕಗಳಿದ್ದವು. ಮೂರರಲ್ಲಿ ಒಂದೂ ಮಿಸುಕಲಿಲ್ಲ. ವಾರಿಜಾ ಸಾಲ್ಯಾನ್ ತನ್ನ ಕೈಹಲಗೆಯನ್ನು ಎದೆಗವಚಿಕೊಂಡು ಮೊದಲನೆಯದರ ಮುಂದೆ ನಿಂತಳು, ಎರಡನೆಯದರ ತಟ್ಟೆಯನ್ನು ಎಳೆದು ನೋಡಿದಳು, ಮೂರನೆಯದರ ಹಿಂದಕ್ಕೆ ಬಗ್ಗಿ ಇಣುಕಿದಳು. ಕಾಗದ ಎಲ್ಲಿಯೂ ಇರಲಿಲ್ಲ.

"ಇನ್ನೊಮ್ಮೆ ಕೊಡಿ ವಾರಿಜಕ್ಕ," ಎಂದ ಗುಮಾಸ್ತ ಗಿಲ್ಬರ್ಟ್. "ಈ ಮಳೆಗೆ ಮಿಷಿನಿಗೂ ಶೀತ ಆಗ್ತದೆ."

ಇನ್ನೊಮ್ಮೆ ಕೊಟ್ಟಳು. ಜಾಲದರ್ಶಕ ಅದೇ ವಿನಯದಿಂದ ಪೂರ್ಣಗೊಂಡಿದೆ ಎಂದಿತು. ಗಿಲ್ಬರ್ಟ್ ಕೈಹಲಗೆಯನ್ನು ಇಸಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪರದೆಯ ತಳದಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಹಲಗೆಯನ್ನು ಅವಳ ಕಡೆಗೆ ತಿರುಗಿಸಿದ.

ಮುದ್ರಕ: ಜಲಸಿರಿ, ಚುಕ್ಕಾಣಿ ಕೋಣೆ. ಪುಟ: ಒಂದು. ಸ್ಥಿತಿ: ಮುದ್ರಿತ. ಸಮಯ: ಬೆಳಿಗ್ಗೆ ಹನ್ನೊಂದು ಹತ್ತು.

ಜಲಸಿರಿ ಎಂಬ ಮೀನುಗಾರಿಕೆಯ ಬೋಟು ಆರು ಜನರೊಂದಿಗೆ ಕಡಲಿನಲ್ಲಿ ಮುಳುಗಿ ಏಳು ವರ್ಷ ಎರಡು ತಿಂಗಳಾಗಿತ್ತು. ಅದರ ತಾಂಡೇಲ, ಎಂದರೆ ಚುಕ್ಕಾಣಿ ಹಿಡಿದ ಯಜಮಾನ, ವಾಮನ ತಿಂಗಳಾಯ. ವಾರಿಜಾಳ ಗಂಡ. ಅವನು ಸತ್ತಿದ್ದಾನೆಂದು ಘೋಷಿಸಿಕೊಡಿ ಎಂದು ಬೇಡುವ ಅರ್ಜಿಯನ್ನೇ ಅವಳು ಮುದ್ರಿಸಲು ಹೊರಟಿದ್ದಳು. ಆ ಅರ್ಜಿ ಈಗ ಅವನ ಬೋಟಿಗೇ ಹೋಗಿ ಕುಳಿತಿತ್ತು.

ಇಲ್ಲಿ ಸ್ವಲ್ಪ ನಿಂತು ಆ ಕಾಲದ ಸಂಗತಿಯನ್ನು ಹೇಳಬೇಕು. ಕಾಗದದ ಕಾಲ ಮುಗಿಯಿತು ಎಂದು ನಾವೆಲ್ಲ ನಂಬಿದ್ದೆವಲ್ಲ, ಅದು ಮುಗಿಯಲಿಲ್ಲ. ಪರದೆಯ ಮೇಲೆ ಯಾರ ಮುಖವನ್ನಾದರೂ, ಯಾರ ಸಹಿಯನ್ನಾದರೂ ಯಂತ್ರಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಸೃಷ್ಟಿಸತೊಡಗಿದ ಮೇಲೆ, ಪರದೆಯ ಮೇಲಿನದನ್ನು ನಂಬುವವರು ಉಳಿಯಲಿಲ್ಲ. ಸರಕಾರ ಮತ್ತೆ ಕಾಗದಕ್ಕೆ ಮರಳಿತು. ಆದರೆ ಹಳೆಯ ಕಾಗದಕ್ಕಲ್ಲ. ಸಾಕ್ಷಿಮುದ್ರಕ ಎಂಬ ಮೊಹರು ಮಾಡಿದ ಯಂತ್ರದಿಂದ ಹೊರಬಂದ ಪುಟ ಮಾತ್ರ ಸತ್ಯವೆಂದು ಕಾನೂನಾಯಿತು. ಆ ಯಂತ್ರ ಪುಟವನ್ನು ಮೂರು ಮಡಿಕೆ ಮಾಡಿ, ಅಂಚಿಗೆ ಅಂಟು ಹಾಕಿ, ಮೇಲೆ ಕಳಿಸಿದವರ ಹೆಸರನ್ನೂ ಪಡೆಯುವವರ ಹೆಸರನ್ನೂ ಹೊಡೆದು ಹೊರಗೆ ಬಿಡುತ್ತಿತ್ತು. ಅಂಟು ಒಮ್ಮೆ ಬಿಟ್ಟರೆ ಮತ್ತೆ ಕೂಡಿಸಲು ಬರುತ್ತಿರಲಿಲ್ಲ. ಪುಟವನ್ನು ತಟ್ಟೆಯಿಂದ ಎತ್ತಿದ ಕ್ಷಣವೂ ದಾಖಲಾಗುತ್ತಿತ್ತು.

ಊರಿಗೆ ನೂರು ಸಾಕ್ಷಿಮುದ್ರಕಗಳಾದ ಮೇಲೆ, ಯಾವ ಕಾಗದ ಯಾವುದರಿಂದ ಹೊರಬರಬೇಕು ಎಂಬ ತಲೆನೋವು ಶುರುವಾಯಿತು. ಸರಕಾರದ ಕನ್ನಡದಲ್ಲಿ ಅದಕ್ಕೆ ಪೂರ್ವನಿಯೋಜಿತ ಮುದ್ರಕದ ನಿರ್ವಹಣೆ ಎಂದು ಹೆಸರು. ಅದನ್ನು ಉಚ್ಚರಿಸುವುದರೊಳಗೆ ಕಚೇರಿ ಮುಚ್ಚುವ ಹೊತ್ತಾಗುತ್ತದೆಂದು ಜನ ಖಾಯಂ ಮುದ್ರಕ ಎಂದರು. ಆಗ ಬಂದದ್ದು ಇಂಗಿತಜ್ಞ. ಅದು ಜಾಲದರ್ಶಕದೊಳಗೆ ಕುಳಿತ ಒಂದು ಪುಟ್ಟ ಬುದ್ಧಿ. ನಿಮ್ಮ ಕಣ್ಣು ಎಲ್ಲಿ ತಡವರಿಸಿತು, ಬೆರಳು ಎಲ್ಲಿ ಅನುಮಾನಿಸಿತು, ಏನನ್ನು ಬರೆದು ಅಳಿಸಿದಿರಿ ಎಂಬುದನ್ನೆಲ್ಲ ನೋಡಿ, ಈ ಕಾಗದ ಯಾರ ಕೈಸೇರಬೇಕೆಂಬುದು ನಿಮ್ಮ ಮನಸ್ಸಿನಲ್ಲಿದೆಯೋ ಅವರಿಗೆ ಹತ್ತಿರದ ಮುದ್ರಕವನ್ನು ಅದೇ ಆರಿಸುತ್ತಿತ್ತು. ಹತ್ತು ವರ್ಷಗಳಲ್ಲಿ ಮುದ್ರಕವನ್ನು ಕೈಯಾರೆ ಆರಿಸುವ ಪಟ್ಟಿಯನ್ನೇ ಜನ ಮರೆತುಬಿಟ್ಟರು.

"ನಿಮ್ಮ ಮಿಷಿನಿಗೆ ಕಳಿಸು ಅಂತ ನಾನೇ ಒತ್ತಿದೆ," ಎಂದಳು ವಾರಿಜಾ. "ಒತ್ತಿದ್ರೂ ಅಲ್ಲಿಗೇ ಹೋಗ್ತದೆ. ನೀವೇ ನಿಮ್ಮ ಹಲಗೆಯಿಂದ ತೆಗೆದುಕೊಡಿ ಗಿಲ್ಬರ್ಟಣ್ಣ."

"ಆಗುದಿಲ್ಲ. ಈ ಅರ್ಜಿ ನಿಮ್ಮ ಇಂಗಿತದಿಂದಲೇ ಬರ್ಬೇಕು. ಮೊದಲು ಹೆಬ್ಬೆಟ್ಟು ಇತ್ತಲ್ಲ, ಹಾಗೆ." ಗಿಲ್ಬರ್ಟ್ ದನಿ ತಗ್ಗಿಸಿದ. "ಅದಕ್ಕಿಂತ ದೊಡ್ಡ ತೊಂದರೆ ಬೇರೆ ಉಂಟು. ಏಳು ವರ್ಷ ಒಂದು ಸುದ್ದಿಯೂ ಇಲ್ಲದ ಮನುಷ್ಯ ಸತ್ತ ಅಂತ ನಾವು ಬರೆದುಕೊಡ್ಬಹುದು. ಆದ್ರೆ ಈಗ ಅವನ ಚುಕ್ಕಾಣಿ ಕೋಣೆಯ ಮುದ್ರಕ ಕಾಗದ ಸಿಕ್ಕಿತು ಅಂತ ಹೇಳಿತಲ್ಲ. ಕಾನೂನಿನ ಪ್ರಕಾರ ಅದು ಸುದ್ದಿ."

"ಅಂದ್ರೆ?"

"ಅಂದ್ರೆ ಲೆಕ್ಕ ಇವತ್ತಿನಿಂದ ಪುನಃ ಶುರು. ಇನ್ನು ಏಳು ವರ್ಷ. ನಾನು ಎಂಥ ಮಾಡ್ಲಿ ವಾರಿಜಕ್ಕ, ಹನ್ನೊಂದು ಹತ್ತಕ್ಕೆ ದಾಖಲಾಗಿಬಿಟ್ಟಿದೆ."

ವಾರಿಜಾ ಬೆಂಚಿನ ಮೇಲೆ ಕುಳಿತಳು. ಆಷಾಢದ ಆಟಿ ಅಮಾವಾಸ್ಯೆಗೆ ಇನ್ನು ಒಂಬತ್ತೇ ದಿನ ಉಳಿದಿತ್ತು. ಅವರ ಕಡೆ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಸಾಲಾಗಿ ಎಲೆ ಹಾಕಿ ಬಡಿಸುತ್ತಾರೆ. ಉತ್ತರಕ್ರಿಯೆ ಆಗದವನಿಗೆ ಆ ಸಾಲಿನಲ್ಲಿ ಎಲೆಯಿಲ್ಲ. ಈಚೆಗೆ ಊರಿನ ಮುಖಂಡರಾದ ಗುರಿಕಾರರೂ ಸಾಕ್ಷಿಕಾಗದ ನೋಡದೆ ಉತ್ತರಕ್ರಿಯೆಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ಏಳು ವರ್ಷಗಳಿಂದ ವಾಮನನಿಗೆ ಬದುಕಿರುವವರ ಪಂಕ್ತಿಯಲ್ಲೂ ಜಾಗವಿರಲಿಲ್ಲ, ಸತ್ತವರ ಪಂಕ್ತಿಯಲ್ಲೂ ಜಾಗವಿರಲಿಲ್ಲ. ಈ ಸಲ ಎಲೆ ಹಾಕಿಯೇ ತೀರುತ್ತೇನೆ ಎಂದು ವಾರಿಜಾ ಹಟ ಹಿಡಿದಿದ್ದಳು.

ಅದು ಪ್ರೀತಿಯ ಹಟ ಎಂದುಕೊಂಡರೆ ತಪ್ಪಾದೀತು. ಅವಳಿಗೆ ಅವನ ಮೇಲೆ ಸಿಟ್ಟಿತ್ತು. ಆ ಸಿಟ್ಟಿಗೆ ಕಾರಣವೂ ಒಂದು ಕಾಗದವೇ.

ಪಡುಅಳಿವೆಯಲ್ಲಿ ಒಂದು ಕಟ್ಟುಪಾಡಿತ್ತು. ಬೋಟು ಅಳಿವೆ ಬಾಗಿಲನ್ನು, ಎಂದರೆ ಹೊಳೆ ಕಡಲು ಸೇರುವ ಜಾಗವನ್ನು ದಾಟಿದ ಮೇಲೆ ಅದರಲ್ಲಿರುವವರು ಮನೆಯ ದನಿ ಕೇಳಬಾರದು. ಕೇಳಿದರೆ ಮೀನು ಚದುರುತ್ತದೆ ಎಂಬ ನಂಬಿಕೆ. ಹಾಗಾಗಿ ಫೋನು ಮಾಡುತ್ತಿರಲಿಲ್ಲ, ಕಾಗದ ಕಳಿಸುತ್ತಿದ್ದರು. ದಿನವೂ ನಸುಕಿನಲ್ಲಿ ಹವಾಮಾನದ ಪುಟವನ್ನು ನೋಡಿ, ತಾಂಡೇಲನ ಹೆಂಡತಿ ಅದನ್ನು ಬೋಟಿನ ಸಾಕ್ಷಿಮುದ್ರಕಕ್ಕೆ ಕಳಿಸಬೇಕು. ಬೋಟಿನ ಜೀವ ಅವಳ ಬೆರಳಿನಲ್ಲಿದೆ ಎಂದು ಹಿರಿಯರು ಹೇಳುತ್ತಿದ್ದರು, ಅದನ್ನು ಹೇಳುವಾಗ ನಗುತ್ತಲೂ ಇರಲಿಲ್ಲ.

ಆ ದಿನ ನಸುಕಿನ ಐದೂ ಇಪ್ಪತ್ತಕ್ಕೆ ವಾರಿಜಾ ಕಳಿಸಿದ್ದು ಚಂಡಮಾರುತದ ಕೆಂಪು ಎಚ್ಚರಿಕೆ. ಮುದ್ರಣ ಪೂರ್ಣಗೊಂಡಿದೆ ಎಂದು ಬಂತು. ನಲವತ್ತು ಸೆಕೆಂಡಿನ ನಂತರ ಪುಟ ತೆಗೆದುಕೊಳ್ಳಲಾಗಿದೆ ಎಂದೂ ಬಂತು. ಅವಳು ನಿಶ್ಚಿಂತೆಯಿಂದ ಗಂಜಿಗೆ ನೀರಿಟ್ಟಳು. ಬೋಟು ಮರಳಲಿಲ್ಲ. ತನಿಖೆ ನಡೆಸಿದವರು ದಾಖಲೆ ನೋಡಿ, ತಾಂಡೇಲನಿಗೆ ಎಚ್ಚರಿಕೆ ತಲುಪಿತ್ತು, ಅವನು ಅದನ್ನು ಕಡೆಗಣಿಸಿದ ಎಂದು ಬರೆದರು. ಕಾಗದ ಓದಿಯೂ ಹೋದ, ಐದು ಮನೆ ಹಾಳು ಮಾಡಿದ ಎಂದು ಬಂದರಿನಲ್ಲೆಲ್ಲ ಮಾತಾಯಿತು. ಅದೇ ಬೋಟಿನಲ್ಲಿ ಹಗ್ಗ ಎಳೆಯುತ್ತಿದ್ದ ಲೋಕಯ್ಯನ ಹೆಂಡತಿ ಸುಗಂಧಿಯಂತೂ ಆವತ್ತಿನಿಂದ ವಾರಿಜಾಳ ಮುಖ ನೋಡುವುದನ್ನೇ ಬಿಟ್ಟಳು. ವಾರಿಜಾಳೂ ಅವರನ್ನೆಲ್ಲ ತಪ್ಪು ಎನ್ನಲಿಲ್ಲ. ಓದಿಯೂ ಹೋದವನನ್ನು ಅವಳು ತಾನೇ ಹೇಗೆ ಕ್ಷಮಿಸುವುದು?

ನೋಂದಣಿ ಕಚೇರಿಯಿಂದ ಮರಳಿದ ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ಹೊರಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಪಕ್ಕದ ಮನೆಯವರು ಚಾಪೆಯ ಮೇಲೆ ಸಿಗಡಿ ಹರವುತ್ತ ಏನೋ ಜಗಳವಾಡುತ್ತಿದ್ದರು. ಜಗಲಿಯ ಮೇಲೆ ಕೈಹಲಗೆ ಹಿಡಿದು ಕುಳಿತ ವಾರಿಜಾ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಒಂದೇ ಒಂದು ಪದ ಬರೆದಳು: ಇದ್ದೀರಾ?

ಮುದ್ರಿಸು ಎಂದಳು.

ಮುದ್ರಣ ಪೂರ್ಣಗೊಂಡಿದೆ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಪಕ್ಕದವರ ಜಗಳ ಎಲ್ಲೋ ದೂರದಲ್ಲಿ ನಡೆದಂತೆ ಕೇಳಿಸುತ್ತಿತ್ತು. ಮನಸ್ಸಿನಲ್ಲೇ ಎಣಿಸಿದಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ಪುಟ ತೆಗೆದುಕೊಳ್ಳಲಾಗಿದೆ.

ವಾರಿಜಾಳ ಮೈಯೆಲ್ಲ ಮುಳ್ಳೆದ್ದಿತು. ಕೈಹಲಗೆಯನ್ನು ಕವುಚಿ ಇಟ್ಟು, ಅದರ ಮೇಲೆ ಮಣೆಯನ್ನಿಟ್ಟು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲವತ್ತು ಸೆಕೆಂಡಿನ ಅರ್ಥ ಅವಳಿಗೆ ಗೊತ್ತಿತ್ತು. ವಾಮನ ಮೀನಿನ ಕೈಯಲ್ಲಿ ಕಾಗದ ಮುಟ್ಟುತ್ತಿರಲಿಲ್ಲ. ಹೆಗಲ ಮೇಲಿನ ಬೈರಾಸಿಗೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು ಆಮೇಲೆ ಎತ್ತುತ್ತಿದ್ದ. ಬದುಕಿದ್ದಾಗ ಅವನಿಗೆ ಯಾವತ್ತೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಗಿಲ್ಬರ್ಟ್ ಬರೆದುಕೊಟ್ಟ ವಿಳಾಸ ಹಿಡಿದು ಬಸ್ಸು ಹತ್ತಿದಳು. ಗುಡ್ಡದ ಮೇಲಿನ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ಅನಂತಶಯನ ಕೆದಿಲಾಯರಿದ್ದರು. ಇಂಗಿತಜ್ಞವನ್ನು ಕಟ್ಟಿದವರು ಅವರೇ. ನಿವೃತ್ತಿಯಾದರೂ ಕೇಂದ್ರ ಅವರನ್ನು ಬಿಟ್ಟಿರಲಿಲ್ಲ, ಅಥವಾ ಅವರು ಕೇಂದ್ರವನ್ನು ಬಿಟ್ಟಿರಲಿಲ್ಲ. ಬಿಳಿ ಪಂಚೆಯ ಮೇಲೆ ಪ್ರಯೋಗಾಲಯದ ಉದ್ದ ಕೋಟು ಹಾಕಿಕೊಂಡು ತಾವೇ ಬಾಗಿಲು ತೆರೆದರು.

ವಾರಿಜಾ ಎಲ್ಲವನ್ನೂ ಹೇಳಿದಳು. ಇದ್ದೀರಾ ಎಂದು ಕಳಿಸಿದ್ದನ್ನು ಹೇಳುವಾಗ ಮಾತ್ರ ಅವಳಿಗೆ ನಾಚಿಕೆಯಾಯಿತು.

"ನೇರ ಕೇಳ್ತೇನೆ ಡಾಕ್ಟ್ರೆ. ಅಲ್ಲಿ ಯಾರಾದ್ರೂ ಇದ್ದಾರಾ?"

ಕೆದಿಲಾಯರು ನಗಲಿಲ್ಲ. ಅದು ಅವರ ದೊಡ್ಡತನವೆಂದೇ ಹೇಳಬೇಕು. "ಇಲ್ಲಮ್ಮ. ಅಲ್ಲಿ ಮನುಷ್ಯರೂ ಇಲ್ಲ, ದೆವ್ವವೂ ಇಲ್ಲ, ಮುದ್ರಕವೂ ಇಲ್ಲ. ನಿಮ್ಮತ್ರ ಮಾತಾಡಿದ್ದು ಛಾಯಾಮುದ್ರಕ."

"ಅದೆಂಥದು?"

"ಹೇಳ್ತೇನೆ, ಕೂತ್ಕೊಳ್ಳಿ." ಅವರು ಮೇಜಿನ ಮೇಲಿದ್ದ ಕಾಫಿಯ ಲೋಟವನ್ನು ಎತ್ತಿ ಅದರ ನೆರಳು ಬೀಳುವಂತೆ ಕಿಟಕಿಯ ಬಳಿ ಹಿಡಿದರು. "ಕಡಲಲ್ಲಿ ಸಂಕೇತ ಬಹಳ ದುರ್ಬಲ. ಬೋಟು ಆಗಾಗ ಸಂಪರ್ಕ ತಪ್ಪುತ್ತದೆ. ಮೊದಲು ಹಾಗಾದಾಗಲೆಲ್ಲ ಪರದೆಯಲ್ಲಿ ಮುದ್ರಕ ಸಿಗುತ್ತಿಲ್ಲ ಅಂತ ಬರ್ತಿತ್ತು. ಅದನ್ನು ನೋಡಿ ಹೆಂಗಸರು ಬಂದರಿಗೆ ಓಡಿಬಂದು ಅಳ್ತಿದ್ರು. ನೋಡ್ಲಿಕ್ಕಾಗ್ತಿರಲಿಲ್ಲ. ಅದಕ್ಕೆ ನಾನು ಪ್ರತಿಯೊಂದು ಮುದ್ರಕಕ್ಕೂ ಒಂದು ನೆರಳು ಮಾಡಿದೆ. ಅಸಲು ಮುದ್ರಕ ಸಂಪರ್ಕ ತಪ್ಪಿದ್ರೆ ನೆರಳು ಕಾಗದ ಇಟ್ಟುಕೊಳ್ತದೆ. ಬೋಟು ಪುನಃ ಸಂಪರ್ಕಕ್ಕೆ ಬಂದ ಕೂಡಲೇ ಅಸಲಿಗೆ ದಾಟಿಸ್ತದೆ."

"ಆದ್ರೆ ಅದು ಪೂರ್ಣ ಆಯ್ತು ಅಂತ ಹೇಳ್ತದಲ್ಲ."

"ಹೌದು. ಹೇಗೂ ನಾಲ್ಕೈದು ನಿಮಿಷದಲ್ಲಿ ತಲುಪ್ತದೆ. ಅಷ್ಟಕ್ಕೆ ಮನುಷ್ಯರನ್ನು ಹೆದರಿಸುದು ಯಾಕೆ ಅಂತ ಮೊದಲೇ ಹೇಳುವ ಹಾಗೆ ಮಾಡಿದೆ. ಅಸಲು ಯಂತ್ರದ ಅಭ್ಯಾಸವನ್ನೆಲ್ಲ ನೆರಳು ಕಲಿತಿರ್ತದೆ. ನಿಮ್ಮ ಯಜಮಾನರು ಪುಟ ಎತ್ತಲಿಕ್ಕೆ ಎಷ್ಟು ಹೊತ್ತು ಮಾಡ್ತಿದ್ರೋ ಅಷ್ಟೇ ಹೊತ್ತು ಬಿಟ್ಟು, ತೆಗೆದುಕೊಂಡರು ಅಂತ ಹೇಳ್ತದೆ."

ಈ ಮಾತು ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಚೆನ್ನಾಗಿ ಓದಿಕೊಂಡ ಮಗನ ಬಗ್ಗೆ ಹೇಳುವ ತಂದೆಯ ಹಾಗೆ ಹೇಳಿದರು. ವಾರಿಜಾಳಿಗೆ ಮಾತ್ರ ತನ್ನ ಮನೆಯೊಳಗೆ ಯಾರೋ ಇಷ್ಟು ವರ್ಷ ಗಂಡನ ಅಂಗಿ ತೊಟ್ಟು ಓಡಾಡುತ್ತಿದ್ದರು ಎಂದು ತಿಳಿದಂತಾಯಿತು.

"ಬೋಟು ಮುಳುಗಿ ಏಳು ವರ್ಷ ಆದ್ರೂ ನೆರಳು ಯಾಕೆ ಉಳೀತು?"

"ಬೋಟು ಮುಳುಗಿದ್ದು ಸರಕಾರಕ್ಕೆ ಗೊತ್ತು, ಬಂದರಿಗೆ ಗೊತ್ತು. ನೆರಳಿಗೆ ಯಾರೂ ಹೇಳ್ಲಿಲ್ಲ. ಹೇಳ್ಬೇಕಾದ್ದು ನೀವು. ಆದ್ರೆ ಮುದ್ರಕವನ್ನು ತೆಗೆದುಹಾಕುವ ಆಯ್ಕೆಯನ್ನು ಇಂಗಿತಜ್ಞ ನಿಮಗೆ ತೋರಿಸಿರ್ಲಿಕ್ಕಿಲ್ಲ. ತೆಗೆದುಹಾಕುವ ಮನಸ್ಸು ನಿಮಗಿರಲಿಲ್ಲ ನೋಡಿ."

"ನನಗೆ ಮನಸ್ಸು ಉಂಟು," ಎಂದಳು ವಾರಿಜಾ. "ಇವತ್ತೇ ತೆಗೀರಿ."

ಕೆದಿಲಾಯರು ಅವಳ ಕೈಹಲಗೆಯನ್ನು ತಮ್ಮ ಯಂತ್ರಕ್ಕೆ ಜೋಡಿಸಿದರು. ಜಾಲದರ್ಶಕದ ಏರ್ಪಾಡುಗಳು ಎಂಬಲ್ಲಿಗೆ ಹೋಗಿ, ಒಳಗಿನ ಒಳಗಿನ ಪುಟಗಳನ್ನು ಒಂದೊಂದಾಗಿ ತೆರೆದರು. ಹೊಸ ಮನೆಯಲ್ಲಿ ಯಾರೂ ಕಾಲಿಡದ ಅಟ್ಟದ ಹಾಗೆ ಅಲ್ಲೆಲ್ಲ ಹಳೆಯ ಸಾಮಾನು ತುಂಬಿತ್ತು. ಕೊನೆಗೆ ಒಂದು ಸಾಲು ಸಿಕ್ಕಿತು: ಖಾಯಂ ಮುದ್ರಕವನ್ನು ಜಾಲದರ್ಶಕವೇ ನಿರ್ವಹಿಸಲಿ. ಅದರ ಮುಂದಿನ ಹಸಿರು ಗುರುತನ್ನು ಅಳಿಸಿದರು. ಜಲಸಿರಿಯ ಹೆಸರಿನ ಮೇಲೆ ಬೆರಳಿಟ್ಟು ತೆಗೆದುಹಾಕು ಎಂದರು.

ತೆಗೆದುಹಾಕಲಾಗದು, ಎಂದಿತು ಪರದೆ. ಈ ಮುದ್ರಕದಲ್ಲಿ ಇಪ್ಪತ್ತಾರು ಪುಟಗಳು ಬಾಕಿ ಇವೆ.

"ಇದು ನಿಯಮ," ಎಂದರು ಕೆದಿಲಾಯರು. "ಬಾಕಿ ಇರುವ ಪುಟ ಎಲ್ಲಾದ್ರೂ ಒಂದು ಕಡೆ ಹೊರಗೆ ಬರ್ಬೇಕು. ಇಲ್ಲದಿದ್ರೆ ಮುದ್ರಕವನ್ನು ಅಳಿಸ್ಲಿಕ್ಕೆ ಬರುದಿಲ್ಲ. ಇಲ್ಲೇ ತೆಗಿಯುವಾ. ಹಳೆಯದರಿಂದ ಶುರು ಮಾಡ್ತೇನೆ."

ಮೂಲೆಯಲ್ಲಿದ್ದ ಸಾಕ್ಷಿಮುದ್ರಕ ಎದ್ದು ಗುರುಗುಟ್ಟಿತು. ಮೊದಲ ಪುಟ ಮಡಚಿಕೊಂಡು ಹೊರಬಂದು ತಟ್ಟೆಯಲ್ಲಿ ಬಿತ್ತು. ಅದರ ಹೊರಮೈಯಲ್ಲಿ ದಿನಾಂಕವೂ ಹೊತ್ತೂ ಅಚ್ಚಾಗಿದ್ದವು. ಕೆದಿಲಾಯರು ಅದನ್ನೆತ್ತಿ ಹೊರಗಿನ ಬರಹವನ್ನಷ್ಟೇ ಓದಿದರು. ಅವರ ಕೈ ಅಲ್ಲೇ ನಿಂತಿತು. ಆಮೇಲೆ ಆ ಕಾಗದವನ್ನು, ಏನೂ ಆಗಿಲ್ಲವೆಂಬಂತೆ, ಮೇಜಿನ ಮೇಲಿದ್ದ ಕಡತದ ಅಡಿಗೆ ಸರಿಸಿದರು.

ವಾರಿಜಾ ನೋಡುತ್ತಿದ್ದಳು. "ಅದನ್ನು ಕೊಡಿ."

"ಅದೆಂಥದೂ ಇಲ್ಲಮ್ಮ, ಹಳೇ ಕಾಗದ."

"ಹಳೇದೇ ಬೇಕು ನನಗೆ. ಹೊರಗೆ ನನ್ನ ಹೆಸರುಂಟು ಡಾಕ್ಟ್ರೆ, ನಾನು ನೋಡಿದೆ."

ಅವರು ಕೊಟ್ಟರು. ಕೊಡುವಾಗ ಅವಳ ಮುಖ ನೋಡಲಿಲ್ಲ. ವಾರಿಜಾ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಕಳಿಸಿದವರು: ವಾರಿಜಾ ಸಾಲ್ಯಾನ್. ಪಡೆಯುವವರು: ವಾಮನ ತಿಂಗಳಾಯ. ಏಳು ವರ್ಷದ ಹಿಂದಿನ ಆ ದಿನಾಂಕ. ಹೊತ್ತು: ನಸುಕಿನ ಐದು ಇಪ್ಪತ್ತು. ಅಂಟು ಬಿಡಿಸಿದಳು. ಒಳಗೆ ಕೆಂಪು ಗೆರೆಯ ಚೌಕಟ್ಟಿನಲ್ಲಿ ಚಂಡಮಾರುತದ ಎಚ್ಚರಿಕೆಯಿತ್ತು. ಕೂಡಲೇ ದಡಕ್ಕೆ ಮರಳಿ ಎಂದಿತ್ತು. ಅದರ ಕೆಳಗೆ ಅವಳೇ ಸೇರಿಸಿದ ಸಾಲು: ಬಲೆ ಹೋದರೆ ಹೋಗಲಿ, ನೀವು ಬನ್ನಿ.

ಅವಳಿಗೆ ಅದರ ಅರ್ಥ ಒಮ್ಮೆಗೇ ಹೊಳೆಯಲಿಲ್ಲ. ಎರಡನೆಯ ಸಲ ಓದಿದಾಗ ಹೊಳೆಯಿತು.

"ಇದು ಅವರಿಗೆ ಸಿಗ್ಲಿಲ್ಲ," ಎಂದಳು.

ಕೆದಿಲಾಯರು ತಲೆಯಾಡಿಸಿದರು. "ಬೋಟು ಆಗಲೇ ಸಂಪರ್ಕ ತಪ್ಪಿತ್ತು ಅಂತ ಕಾಣ್ತದೆ. ನೆರಳು ಇಟ್ಟುಕೊಂಡಿತು. ಮತ್ತೆ ಬೋಟು ಸಂಪರ್ಕಕ್ಕೆ ಬರಲೇ ಇಲ್ಲ."

"ತೆಗೆದುಕೊಂಡರು ಅಂತ ತೋರಿಸಿತ್ತು. ನಲವತ್ತು ಸೆಕೆಂಡಿಗೆ. ನಾನು ಕಣ್ಣಾರೆ ನೋಡಿದ್ದೆ. ಅದನ್ನು ನೋಡಿ ನಾನು ಸುಮ್ಮನಾದದ್ದು. ತೋರಿಸದಿದ್ರೆ ಕಟ್ಟುಪಾಡು ಎಲ್ಲ ಒಲೆಗೆ ಹಾಕಿ ಫೋನ್ ಮಾಡ್ತಿದ್ದೆ ನಾನು!" ಅವಳ ದನಿ ಏರಿತು. "ತನಿಖೆಯವರು ನಿಮ್ಮನ್ನು ಕೇಳ್ಲಿಲ್ಲವಾ?"

"ಕೇಳಿದ್ರು." ವಯಸ್ಸಾದ ಆ ಮನುಷ್ಯ ಕುರ್ಚಿಯ ಹಿಡಿಕೆಯನ್ನು ಸವರುತ್ತ ಕುಳಿತರು. "ಸಾಕ್ಷಿಮುದ್ರಕದ ದಾಖಲೆ ಸುಳ್ಳು ಹೇಳುವುದಿಲ್ಲ ಅಂತ ನಾನೇ ಬರೆದುಕೊಟ್ಟೆ. ಹತ್ತು ಸಾವಿರ ಕಾಗದದಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸರಿಯಾಗಿ ತಲುಪ್ತಿದ್ವು. ಉಳಿದ ಒಂದು ಎಲ್ಲಿ ಹೋಯ್ತು ಅಂತ ನಾನು ಹುಡುಕ್ಲಿಲ್ಲಮ್ಮ. ಹುಡುಕಬೇಕಿತ್ತು."

ಅಷ್ಟರಲ್ಲಿ ಉಳಿದ ಪುಟಗಳು ಒಂದರ ಹಿಂದೊಂದು ಬೀಳತೊಡಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಅವಳು ಕಳಿಸಿಯೇ ಇರಲಿಲ್ಲ. ಏಳು ವರ್ಷಗಳಲ್ಲಿ ಯಾವಯಾವುದೋ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಬರೆದು, ತನ್ನ ಹುಚ್ಚಿಗೆ ತಾನೇ ನಾಚಿ ಅಳಿಸಿದ ಸಾಲುಗಳವು. ಇಂಗಿತಜ್ಞ ಅವುಗಳನ್ನು ಅಳಿಸಲು ಬಿಡದೆ ತಾನೇ ನೆರಳಿಗೆ ದಾಟಿಸಿತ್ತು. ಒಂದನ್ನು ಬಿಡಿಸಿದಳು: ಕಾಗದ ಓದಿಯೂ ಯಾಕೆ ಹೋದಿರಿ? ಇನ್ನೊಂದನ್ನು ಬಿಡಿಸಿದಳು: ಓದಿಯೂ ಯಾಕೆ ಹೋದಿರಿ? ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ, ಐದನೆಯದರಲ್ಲಿ ಅದೇ ಪ್ರಶ್ನೆ. ಯಂತ್ರ ಒಂದೇ ಸಮನೆ ಅದನ್ನೇ ಉಗುಳುತ್ತಿತ್ತು. ಆ ಬಿಳಿಯ ಕೋಣೆಯಲ್ಲಿ ತನ್ನ ದನಿ ತನ್ನ ಬಾಯಿಯಿಂದಲ್ಲದೆ ಬೇರೆಲ್ಲಿಂದಲೋ ಬರುತ್ತಿರುವುದನ್ನು ಕೇಳುತ್ತ ಕುಳಿತವಳಿಗೆ ಮೊದಲು ಭಯವಾಯಿತು. ಆಮೇಲೆ ಅಳು ಬಂತು. ಎಂಥ ಗಂಡನನ್ನು ಎಷ್ಟು ವರ್ಷ ಬೈದೆ ನಾನು ಎಂದು ಅವಳು ಗಟ್ಟಿಯಾಗಿಯೇ ಅತ್ತಳು. ಕೆದಿಲಾಯರು ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟು ದೂರ ನಿಂತರು.

ಕೊನೆಯ ಪುಟ ಬಿದ್ದು ಯಂತ್ರ ಸುಮ್ಮನಾದಾಗ, ಪರದೆಯ ಮೇಲಿನ ಪಟ್ಟಿಯಿಂದ ಜಲಸಿರಿಯ ಹೆಸರು ತಾನಾಗಿ ಮರೆಯಾಯಿತು. ಸಾವಿನ ಘೋಷಣೆಯ ಅರ್ಜಿ ಈಗ ಯಾವ ತಕರಾರೂ ಇಲ್ಲದೆ ಹೊರಬಂತು. ನಿನ್ನೆ ಹನ್ನೊಂದು ಹತ್ತಕ್ಕೆ ಬಂದದ್ದು ಸುದ್ದಿಯಲ್ಲ, ಯಂತ್ರದ ಊಹೆ ಎಂದು ಕೆದಿಲಾಯರು ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿದರು. ವಾರಿಜಾ ಅಷ್ಟಕ್ಕೆ ಏಳಲಿಲ್ಲ.

"ಇನ್ನೊಂದು ಬರೀಬೇಕು ನೀವು. ಎಚ್ಚರಿಕೆ ವಾಮನ ತಿಂಗಳಾಯರಿಗೆ ತಲುಪಿರಲಿಲ್ಲ ಅಂತ."

"ಅದು ಬರೆದ್ರೆ..." ಎಂದು ಕೆದಿಲಾಯರು ನಿಲ್ಲಿಸಿದರು. ಈ ಕರಾವಳಿಯಲ್ಲಿ ಮುಳುಗಿದ ಬೋಟುಗಳ ಇನ್ನೂ ಎಷ್ಟು ನೆರಳುಗಳು ಹೀಗೆ ಕಾಗದ ಹಿಡಿದು ಕುಳಿತಿವೆಯೋ, ಎಷ್ಟು ತನಿಖೆಗಳು ಮತ್ತೆ ತೆರೆಯಬೇಕೋ ಎಂದು ಅವರು ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ತಮ್ಮ ಹೆಸರಿಗೆ ಏನಾಗುತ್ತದೆಂಬುದನ್ನೂ ಯೋಚಿಸಿರಬಹುದು. ಮನುಷ್ಯರಲ್ಲವೇ. ಆದರೆ ಬರೆದರು. ಒಂದಲ್ಲ, ಐದು ಪ್ರತಿ ಬರೆದರು, ಜಲಸಿರಿಯ ಉಳಿದ ಐದು ಮನೆಗಳಿಗೆ.

ಅವಳು ಹೊರಡುವಾಗ ಕೆದಿಲಾಯರು ಒಂದು ಮಡಚಿದ ಪುಟವನ್ನು ಬೇರೆಯಾಗಿ ಕೊಟ್ಟರು. "ಇದು ನಿಮ್ಮದಲ್ಲ. ಅದೇ ದಿನ, ನಿಮ್ಮ ಕಾಗದ ಆಗಿ ಅರ್ಧ ಗಂಟೆಗೆ ಬೇರೆಯವರು ಕಳಿಸಿದ್ದು. ಕಳಿಸಿದವರಿಗೇ ಸೇರ್ಬೇಕು. ನಿಮ್ಮ ಊರಿನವರೇ."

ಕಳಿಸಿದವರು: ಸುಗಂಧಿ. ಪಡೆಯುವವರು: ಲೋಕಯ್ಯ ಕುಂದರ್.

ಸುಗಂಧಿಯ ಮನೆ ಮಂಜುಗಡ್ಡೆ ಕಾರ್ಖಾನೆಯ ಹಿಂದಿತ್ತು. ವಾರಿಜಾ ಬಸ್ಸಿನಿಂದ ಇಳಿದವಳು ತನ್ನ ಮನೆಗೆ ಹೋಗದೆ ಸೀದಾ ಅಲ್ಲಿಗೇ ನಡೆದಳು. ಸುಗಂಧಿ ಹೊಸಿಲಿನ ಬಳಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ವಾರಿಜಾಳನ್ನು ಕಂಡ ಕೂಡಲೇ ಎಂದಿನಂತೆ ಮುಖ ತಗ್ಗಿಸಿದಳು. ಗೆರಸೆ ಎತ್ತಿಕೊಂಡು ಒಳಗೆ ಹೋಗಲು ಎದ್ದಳು.

"ನಿಲ್ಲು ಸುಗಂಧಿ. ಒಂದು ಮಾತು ಹೇಳಿ ಹೋಗ್ತೇನೆ. ಅವರಿಗೆ ಆವತ್ತು ಕಾಗದ ಸಿಗ್ಲಿಲ್ಲ. ತಲುಪಿದೆ ಅಂತ ಮಿಷಿನು ಸುಳ್ಳು ಹೇಳಿದ್ದು. ನೋಡು, ಬರೆದುಕೊಟ್ಟಿದ್ದಾರೆ. ಅವರು ನಿನ್ನ ಗಂಡನನ್ನು ಬೇಕಂತ ಕರ್ಕೊಂಡು ಹೋಗಿ ಕೊಂದದ್ದಲ್ಲ."

ಸುಗಂಧಿ ನಿಂತಳು. ಕೆದಿಲಾಯರ ಸಹಿಯಿದ್ದ ಕಾಗದವನ್ನು ನೋಡಿದಳು, ಓದಲಿಲ್ಲ. ಅವಳ ಮುಖದಲ್ಲಿ ವಾರಿಜಾ ನಿರೀಕ್ಷಿಸಿದ್ದ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಅಲ್ಲಿದ್ದದ್ದು ಹೆದರಿಕೆ.

"ಆವತ್ತಿನ ಯಾವ ಕಾಗದವೂ ಸಿಗ್ಲಿಲ್ಲವಾ?"

"ಯಾವುದೂ ಇಲ್ಲ. ನಿನ್ನದೂ ಒಂದು ಅಲ್ಲೇ ಉಳಿದಿತ್ತು." ವಾರಿಜಾ ಮಡಚಿದ ಪುಟವನ್ನು ಮುಂದೆ ಹಿಡಿದಳು.

ಸುಗಂಧಿ ಗೆರಸೆಯನ್ನು ಕೆಳಗಿಟ್ಟಳು. ಪುಟವನ್ನು ಕೂಡಲೇ ಮುಟ್ಟಲಿಲ್ಲ. ಸೆರಗಿಗೆ ಬೆರಳುಗಳನ್ನು ಒತ್ತಿಕೊಂಡು ನಿಂತಿದ್ದು, ಕೊನೆಗೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದಳು.

"ಅಂಟು ಬಿಟ್ಟಿಲ್ಲ ಅಲ್ಲವಾ ವಾರಿಜಕ್ಕ? ನನ್ನ ಕಣ್ಣು ಈಗ ಅಷ್ಟು ಸರಿ ಇಲ್ಲ. ನೀವೊಮ್ಮೆ ನೋಡಿ."

ಏಳು ವರ್ಷಗಳಲ್ಲಿ ಅವಳು ವಾರಿಜಕ್ಕ ಎಂದು ಕರೆದದ್ದು ಅದೇ ಮೊದಲು. ವಾರಿಜಾ ಬಗ್ಗಿ ನೋಡಿದಳು. "ಬಿಟ್ಟಿಲ್ಲ."

"ಸರಿಯಾಗಿ ನೋಡಿ."

"ನೋಡಿದೆ ಮಾರಾಯ್ತಿ. ಯಾರೂ ಒಡೆದಿಲ್ಲ ಇದನ್ನು."

ಸುಗಂಧಿ ಹೊಸಿಲ ಮೇಲೆ ಕುಳಿತುಬಿಟ್ಟಳು. ವಾರಿಜಾಳಿಗೆ ಹೇಳುತ್ತಿದ್ದಾಳೋ ಆ ಕಾಗದಕ್ಕೆ ಹೇಳುತ್ತಿದ್ದಾಳೋ ತಿಳಿಯದಂತೆ ಮಾತಾಡತೊಡಗಿದಳು.

"ಹಿಂದಿನ ದಿನ ನಮಗೆ ಜಗಳ ಆಗಿತ್ತು. ಸಣ್ಣ ವಿಷಯಕ್ಕೆ. ಹೇಳದೆ ಬೋಟಿಗೆ ಹೋದ್ರು. ಬೆಳಿಗ್ಗೆ ಎದ್ದು ಸಿಟ್ಟಲ್ಲಿ ಬರೆದೆ. ಇನ್ನು ಈ ಮನೆಗೆ ಬರ್ಬೇಡಿ, ಬಂದ್ರೂ ಬಾಗಿಲು ತೆಗಿಯುದಿಲ್ಲ ಅಂತ. ತೆಗೆದುಕೊಂಡಿದ್ದಾರೆ ಅಂತ ತೋರಿಸ್ತು. ಆಮೇಲೆ ಬೋಟು ಹೋಯ್ತು ಅಂತ ಸುದ್ದಿ ಬಂತು. ಯಾರಿಗೂ ಹೇಳ್ಲಿಲ್ಲ ನಾನು. ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರಲಿಲ್ಲ ನನಗೆ. ನೀವು ಬನ್ನಿ ಅಂತ ಕಳಿಸಿದ್ದವರು, ನಾನು ಬರ್ಬೇಡಿ ಅಂತ ಕಳಿಸಿದ್ದವಳು." ಅವಳು ಉಸಿರು ಎಳೆದುಕೊಂಡಳು. "ಅವರು ಎಂಥ ಅಲೆಯಲ್ಲೂ ಈಜ್ತಿದ್ರು ವಾರಿಜಕ್ಕ. ಈ ಬಂದರಲ್ಲಿ ಅವರಷ್ಟು ಈಜುವವರು ಇರಲಿಲ್ಲ. ಅವರು ಈಜಲಿಲ್ಲ, ನನ್ನ ಕಾಗದ ಓದಿ ಈಜುದು ಬಿಟ್ರು ಅಂತ..."

ವಾರಿಜಾ ಅವಳ ಪಕ್ಕದಲ್ಲಿ ಕುಳಿತಳು. ಮಂಜುಗಡ್ಡೆ ಕಾರ್ಖಾನೆಯ ಯಂತ್ರ ಗೋಡೆಯಾಚೆ ಗುಂಯ್ ಎನ್ನುತ್ತಿತ್ತು. ಕೋಳಿಯೊಂದು ಬಂದು ಗೆರಸೆಯ ಅಕ್ಕಿಗೆ ಬಾಯಿ ಹಾಕಿತು, ಇಬ್ಬರೂ ಅದನ್ನು ಓಡಿಸಲಿಲ್ಲ.

"ಓದಿಲ್ಲ ಅಂದ್ಮೇಲೆ ಅವರು ಈಜಿರ್ತಾರೆ ಅಲ್ಲವಾ ವಾರಿಜಕ್ಕ?" ಎಂದಳು ಸುಗಂಧಿ. "ಆದಷ್ಟು ಹೊತ್ತು ಈಜಿರ್ತಾರೆ. ಮನೆ ಕಡೆಗೇ."

"ಹೌದು," ಎಂದಳು ವಾರಿಜಾ. "ಮನೆ ಕಡೆಗೇ."